ಮಗ್ಗದ ಕಂಬಕ್ಕೆ ಕಟ್ಟಿದ ಮಗು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದರೆ ನಾನು ತಲೆಯಾಡಿಸಿ ಒಳಗೊಳಗೇ ನಗುತ್ತಿದ್ದವಳು. ಕಾನ್ವೆಂಟಿನಲ್ಲಿ ಓದಿದವಳು, ಎಲ್ಲಕ್ಕೂ ಒಂದು ಕಾರಣ ಇದ್ದೇ ಇರುತ್ತೆ ಅನ್ನುವ ಪೈಕಿ. ಈಗ ಹಾಗೆ ನಗುವುದಿಲ್ಲ, ಅಷ್ಟೇ.

ಆರು ವರ್ಷದ ಹಿಂದಿನ ಮಾತು. ಹೊಸದುರ್ಗದ ಕಡೆ ನೇಕಾರರ ಹಳೇ ಮನೆಯೊಂದನ್ನು ಕಂಬಳಿ ನೇಯ್ಗೆಯ ಮ್ಯೂಸಿಯಂ ಮಾಡಿದ್ದಾರೆಂದು ಕೇಳಿ, ಒಂದು ಮಧ್ಯಾಹ್ನ ಮೂರು ವರ್ಷದ ಮಗಳನ್ನು ಕರೆದುಕೊಂಡು ಹೋಗಿದ್ದೆ. ನಮ್ಮನ್ನು ಬಿಟ್ಟರೆ ಅಲ್ಲಿದ್ದದ್ದು ಅದನ್ನು ನೋಡಿಕೊಳ್ಳುವ ಗಂಗಮ್ಮ ಒಬ್ಬರೇ. ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮುಂದಿನ ಕೋಣೆಯಲ್ಲಿ ಅಂಚಿನ ನೂಲಿಗೆ ಬಣ್ಣ ಹಾಕುತ್ತಿದ್ದ ಮಡಕೆಗಳು. ಒಂದರ ಕಂಠದ ಮೇಲೆ ಯಾರದೋ ನೀಲಿ ಬೆರಳಚ್ಚು ಹಾಗೇ ಉಳಿದಿತ್ತು. ಅದರ ಫೋಟೋ ತೆಗೆಯಲು ಮಗಳ ಕೈ ಬಿಟ್ಟೆ. ತಿರುಗಿದರೆ ಮಗು ಇಲ್ಲ.

ಗಂಗಮ್ಮನ ಮುಖ ಬಿಳಿಚಿಕೊಂಡಿತು. "ಹಿಂದ್ಲ ಕ್ವಾಣೇಲಿ ಮಗ್ಗದ ಗುಂಡಿ ಐತೆ ಕಣ್ರಿ. ಕಸ ಹೊಡಿಯಾಕೆ ಅಂತ ಮೇಲಿನ ಹಲಗೆ ತೆಗ್ದಿದ್ದೆ."

ನೇಯುವವರು ಕಾಲು ಇಳಿಬಿಟ್ಟು ಕೂರುವ ಗುಂಡಿ ಅದು, ತಳಕ್ಕೆಲ್ಲ ಕಲ್ಲು. ಹೇಗೆ ಓಡಿದೆನೋ ತಿಳಿಯದು.

ಮಗಳು ಗುಂಡಿಯ ಈಚೆ ಸುಮ್ಮನೆ ಕೂತಿದ್ದಳು. ಸೊಂಟಕ್ಕೆ ಕರಿ ಉಣ್ಣೆಯ ದಾರ, ಅದರ ಇನ್ನೊಂದು ತುದಿ ಮಗ್ಗದ ಕಂಬಕ್ಕೆ. "ಚುಚ್ಚುತ್ತೆ ಅಮ್ಮ" ಅಂದಳು. ಯಾರು ಕಟ್ಟಿದ್ದು ಪುಟ್ಟಿ ಅಂದರೆ ಖಾಲಿ ಮಗ್ಗದ ಕಡೆ ಕೈ ತೋರಿಸಿದಳು. ಅಲ್ಲೇ ಕೂತು ಅಪ್ಪಿಕೊಂಡು ಅತ್ತೆ. ಆಗಿನ ನಿರಾಳ ನೆನೆದರೆ ಈಗಲೂ ಕಣ್ಣು ತುಂಬುತ್ತದೆ.

"ಮಗ್ಗಕ್ಕೆ ಕುಂತಾಗ ನಮ್ಮವ್ವ ನಮ್ಮುನ್ನ ಹಿಂಗೇ ಕಟ್ಟಾಕ್ತಿದ್ಲು," ನನ್ನ ಹಿಂದೆಯೇ ಬಂದ ಗಂಗಮ್ಮ ಮೆಲ್ಲಗೆ ಅಂದರು. "ಈಗ ಯಾರ್ ಕಟ್ತಾರ್ರಿ? ಇಲ್ಲಿ ನೇಯ್ದು ಯಾವ ಕಾಲ ಆತೋ."

ದಾರ ಇನ್ನೂ ಒದ್ದೆಯಿತ್ತು. ಹುಣಸೆಬೀಜದ ಗಂಜಿಯ ವಾಸನೆ. ಕಂಬಳಿ ಗಟ್ಟಿ ಬರಲೆಂದು ಕುದಿಸಿ ನೂಲಿಗೆ ಹಚ್ಚುವ ಗಂಜಿ. ಆ ಮನೆಯಲ್ಲಿ ಒಲೆಯೇ ಇರಲಿಲ್ಲ.

ಮನೆಗೆ ಬಂದು ಹೇಳಿದಾಗ ನಮ್ಮ ಯಜಮಾನರು, "ಆಯಮ್ಮನೇ ಕಟ್ಟಿ, ನೀನು ಬೈತೀಯ ಅಂತ ಕಥೆ ಕಟ್ಟೌಳೆ ಕಣೇ" ಎಂದು ನಕ್ಕರು. ಆದರೆ ನಾನು ಒಳಗೆ ಓಡುವ ತನಕ ಗಂಗಮ್ಮ ಬಾಗಿಲು ಬಿಟ್ಟು ಎದ್ದದ್ದನ್ನೇ ನಾನು ಕಾಣೆ.

ಇನ್ನೊಂದನ್ನು ಅವರಿಗೆ ಹೇಳಲಿಲ್ಲ: ಅಲ್ಲಿ ಗಂಟು ಬಿಚ್ಚೋಣವೆಂದು ಅಪ್ಪುಗೆ ಸಡಿಲಿಸಿದ್ದೇ ತಡ, ಮಗಳು ಗುಂಡಿಯ ಕಡೆ ಓಡಿದ್ದಳು. ದಾರ ಬಿಗಿದು ನಿಂತಳು. ಅವಳ ಕಾಲ್ಬೆರಳಿಗೂ ಗುಂಡಿಯ ಅಂಚಿಗೂ ನಡುವೆ ಒಂದೇ ಗೇಣು. ಕಟ್ಟಿದವರು ಯಾರೋ, ನನಗಿನ್ನೂ ಗೊತ್ತಿಲ್ಲ. ನನ್ನ ಮಗು ಎಷ್ಟು ದೂರ ಓಡುತ್ತದೆಂಬುದು ಮಾತ್ರ ಅವರಿಗೆ ಗೊತ್ತಿತ್ತು.