ರೊಟ್ಟಿ ತಣಿಯುವಷ್ಟು ದೂರ

ದಾಂಡೇಲಿಯ ಅಂಬೇವಾಡಿಯಲ್ಲಿದ್ದ ಸಿದ್ದಿ ಕೂಲಿಕಾರ ರೋಹಿದಾಸ ಯಾರ ಮಾತನ್ನೂ ಒಮ್ಮೆಗೇ ನಂಬಿದವನಲ್ಲ. ತಾಜಾ ಎಂದು ಕೂಗುವ ಮೀನನ್ನು ಮೂಸಿ ನೋಡದೆ ಕೊಳ್ಳುತ್ತಿರಲಿಲ್ಲ. ದೂರದ ಮಾತು ಬಂದರೆ ರಸ್ತೆ ಬದಿಯ ಕಿಲೋಮೀಟರು ಕಲ್ಲಿನ ಮೇಲೂ ಅವನಿಗೆ ಭರವಸೆಯಿರಲಿಲ್ಲ. ಬಿದಿರು ಕಡಿಯಲು ಹೊರಟಾಗ ಹೆಂಡತಿ ಮಾಗ್ದಲೀನಾ ಬಟ್ಟೆಯಲ್ಲಿ ಸುತ್ತಿ ಕೊಡುತ್ತಿದ್ದ ರೊಟ್ಟಿಯೇ ಅವನ ಅಳತೆ. ಹೋಗಿ ಮುಟ್ಟಿದಾಗ ಅದು ಬೆಚ್ಚಗಿದ್ದರೆ ಆ ಕಾಡು ಹತ್ತಿರ, ತಣಿದಿದ್ದರೆ ದೂರ. ಜೋಯಿಡಾದ ಕಡೆಗೆ ಹೋದ ದಿನ ರೊಟ್ಟಿ ಕಲ್ಲಾಗಿರುತ್ತಿತ್ತು.

ಮಗಳು ಲೀನಾ ಗೋವಾದ ವಾಸ್ಕೋದಲ್ಲಿ ಒಂದು ಮನೆಯ ಮಗುವನ್ನು ನೋಡಿಕೊಳ್ಳುತ್ತಿದ್ದಳು. ಎರಡು ಸಾವಿರದ ನಾಲ್ಕರಲ್ಲಿ ಆ ಮನೆಯವರು ಮುಂಬೈಗೆ ಹೋಗುವಾಗ ಅವಳನ್ನೂ ಕರೆದೊಯ್ದರು. ವಿಮಾನದಲ್ಲಿ ಒಂದೇ ತಾಸು ಎಂದು ಲೀನಾ ಫೋನಿನಲ್ಲಿ ಹೇಳಿದಳು. ಆ ಒಂದು ತಾಸೇ ರೋಹಿದಾಸನಿಗೆ ಮುಳ್ಳಾಯಿತು. ಘಟ್ಟ ಇಳಿದು ಗೋವಾ ಮುಟ್ಟಲಿಕ್ಕೇ ಬಸ್ಸಿಗೆ ಅರ್ಧ ದಿನ ಬೇಕು. ಅದರಾಚೆಯ ಮುಂಬೈ ಒಂದು ತಾಸಿಗೆ ಬರುವುದೆಂದರೇನು? ಹಿಂದೆ ಹೀಗೇ ಮನೆಗೆಲಸಕ್ಕೆ ಹೋದ ನೆರೆಮನೆಯ ಹುಡುಗಿಯನ್ನು ಕಡಲಾಚೆ ಸಾಗಿಸಿದ್ದರು. ಆಮೇಲೆ ಅವಳ ಸುದ್ದಿಯೇ ಇಲ್ಲ. ಲೀನಾಳನ್ನೂ ಅಲ್ಲಿಗೇ ಒಯ್ದು, ಫೋನಿನಲ್ಲಿ ಇಷ್ಟೇ ಹೇಳು ಎಂದು ಬಾಯಿಪಾಠ ಮಾಡಿಸಿದ್ದಾರೆ ಎಂದು ಅವನ ಮನಸ್ಸು ಹೇಳಿತು.

ಗೆಳೆಯ ಶೇಖಪ್ಪ ಮಾಸ್ತರ ನಕಾಶೆ ಹರಡಿ, ಗೋವಾದಿಂದ ಮುಂಬೈಗೆ ನೆಟ್ಟಗೆ ಗೆರೆ ಎಳೆದರೆ ನಾನೂರು ಕಿಲೋಮೀಟರಿನ ಆಸುಪಾಸು, ವಿಮಾನಕ್ಕೆ ಒಂದು ತಾಸು ಸಾಕು ಎಂದು ತಿಳಿಸಿದರು.

"ಈ ನಕಾಶಾ ಮಾಡಿದಾಂವ ಅಲ್ಲಿ ನಡಕೊಂತ ಹೋಗಿದ್ನೇನ್ರಿ, ಮಾಸ್ತರ?" ಎಂದ ರೋಹಿದಾಸ.

ಅವನ ಊಟ ನಿದ್ದೆ ಕೆಟ್ಟವು. ಕ್ರಿಸ್‌ಮಸ್ಸಿಗೆ ಮನೆಯವರೊಡನೆ ವಿಮಾನದಲ್ಲೇ ಗೋವಾಕ್ಕೆ ಬರುತ್ತೇನೆಂದು ಲೀನಾ ತಿಳಿಸಿದಾಗ ಅವನು ಕೇಳಿದ್ದು ಒಂದೇ. ಹೊರಡುವ ಮುಂಚೆ ನಿನ್ನ ಕೈಯಾರೆ ರೊಟ್ಟಿ ಮಾಡಿ ಸುತ್ತಿಕೊಂಡು ಬಾ.

ಗೋವಾದ ದಾಬೋಲಿ ವಿಮಾನ ನಿಲ್ದಾಣದ ಹೊರಗೆ ಕಬ್ಬಿಣದ ಕಟಾಂಜನ ಹಿಡಿದು ನಿಂತಿದ್ದ ರೋಹಿದಾಸ, ಮಗಳು ಹತ್ತಿರ ಬಂದದ್ದೇ ಅವಳ ಮುಖವನ್ನೂ ನೋಡದೆ ಗಂಟಿಗೆ ಕೈಹಾಕಿದ. ರೊಟ್ಟಿ ತಣ್ಣಗಿತ್ತು.

"ಖರೇ ಹೇಳವ್ವಾ, ಎಲ್ಲಿಂದ ಬಂದಿ?"

ಹಾರಿದ್ದು ಒಂದೇ ತಾಸು, ಅದಕ್ಕೂ ಮೊದಲು ಖುರ್ಚಿಯ ಮೇಲೆ ಕೂತು ಕಾದದ್ದೇ ಬಹಳ ಎಂದಳು ಲೀನಾ. ಮುಂಬೈಯಲ್ಲಿ ಪೊಲೀಸನೊಬ್ಬ ಗಂಟು ಬಿಚ್ಚಿಸಿ, ಒಂದೊಂದೇ ರೊಟ್ಟಿ ಎತ್ತಿ ಬೆಳಕಿಗೆ ಹಿಡಿದು ನೋಡಿದನಂತೆ.

"ರೊಟ್ಟ್ಯಾಗ ಏನ್ ಹುಡುಕಿದಾ ಅಂವ?"

"ನೀ ಹುಡುಕಾಕತ್ತೀಯಲ್ಲ ಅಪ್ಪಾ, ಅದನ್ನ."

ರೋಹಿದಾಸ ಎಷ್ಟೋ ತಿಂಗಳ ಮೇಲೆ ನಕ್ಕ. "ನನ್ನಂಥಾಂವ ಇನ್ನೊಬ್ಬ ಅದಾನ ಹಂಗಾರ," ಎಂದು ಅಲ್ಲೇ ರೊಟ್ಟಿ ಮುರಿದು ಬಾಯಿಗಿಟ್ಟ. ಇಂಥ ಮಾತನ್ನು ಯಾರೂ ಬಾಯಿಪಾಠ ಮಾಡಿಸಲಾರರು ಎಂದು ಮಾಸ್ತರರಿಗೆ ಆಮೇಲೆ ಹೇಳಿದ.

ಎಷ್ಟೋ ವರ್ಷಗಳ ಮೇಲೆ, ಈ ಮಳೆಗಾಲದಲ್ಲಿ ಜ್ವರ ಬಂದು ರೋಹಿದಾಸ ಹೋಗಿಬಿಟ್ಟ. ಲೀನಾ ಬರುವ ತನಕ ಶವಪೆಟ್ಟಿಗೆ ಮುಚ್ಚಲು ಮಾಗ್ದಲೀನಾ ಬಿಡಲಿಲ್ಲ. ಮುಂಬೈಯಿಂದ ವಿಮಾನದಲ್ಲಿ ಗೋವಾಕ್ಕೆ ಬಂದು, ಜೀಪಿನಲ್ಲಿ ಘಟ್ಟ ಹತ್ತಿ ಬಂದ ಮಗಳು ರೊಟ್ಟಿಯ ಗಂಟನ್ನು ಅಪ್ಪನ ಕೈ ಹತ್ತಿರ ಇಟ್ಟಳು. ಮಾಗ್ದಲೀನಾ ಅದನ್ನು ಮುಟ್ಟಿ, ಗಂಡನ ಕಿವಿಯ ಬಳಿ ಬಾಗಿದಳು.

"ಬೆಚ್ಚಗೈತಿ ನೋಡ್ರಿ."

ಘಟ್ಟದ ಮಳೆಗಾಳಿಗೆ ಅದು ಎಂದೋ ತಣಿದಿತ್ತು. ಪಕ್ಕದಲ್ಲಿ ನಿಂತಿದ್ದ ಶೇಖಪ್ಪ ಮಾಸ್ತರ ಮುಟ್ಟಿ ನೋಡಲಿಲ್ಲ.