ಅಳಿವೆ ಬಾಗಿಲು ದಾಟದ ತಾಂಡೇಲ

ನನ್ನ ಗಂಡ ಲೀಲಾಧರ ಮೀನುಗಾರಿಕೆ ಬೋಟಿನ ತಾಂಡೇಲ. ಬೋಟು ಯಾವಾಗ ಹೊರಡಬೇಕು, ಬಲೆ ಎಲ್ಲಿ ಬೀಳಬೇಕು ಎಂದು ಹೇಳುವವರು. ಧಣಿ ಶೀನಪ್ಪನೇ ಆದರೂ ನೀರಿಗಿಳಿದ ಮೇಲೆ ನಡೆಯುವುದು ತಾಂಡೇಲನ ಮಾತು. ಇಂಥ ಮನುಷ್ಯನಿಗೆ ಐವತ್ತು ದಾಟಿದ ಮೇಲೆ ತತ್ವಶಾಸ್ತ್ರದ ಹುಚ್ಚು ಹಿಡಿಯಿತು. ಹಿಡಿಸಿದ್ದು ಮಳೆ.

ಮಳೆಗಾಲದಲ್ಲಿ ಎರಡು ತಿಂಗಳು ಕಡಲಿಗಿಳಿಯಲು ಸರಕಾರದ ನಿಷೇಧವಿದೆ. ಉಳಿದ ಗಂಡಸರು ಬಲೆ ಹೊಲಿಯುತ್ತ, ಇಸ್ಪೀಟು ಆಡುತ್ತ ಕಳೆಯುತ್ತಾರೆ. ಇವರು ಒಂದು ಶನಿವಾರ ನನ್ನ ಮಿಕ್ಸಿ ರಿಪೇರಿಗೆಂದು ನಮ್ಮ ಉರ್ವದಿಂದ ಬಸ್ಸು ಹತ್ತಿ ಪೇಟೆಯ ಬಲ್ಮಠಕ್ಕೆ ಹೋದರು. ಜಡಿಮಳೆ ಹಿಡಿಯಿತೆಂದು ಒಂದು ಸಭಾಂಗಣಕ್ಕೆ ನುಗ್ಗಿದರಂತೆ. ಆಯುಷ್ಯವಿಡೀ ಕಡಲಲ್ಲಿ ನೆಂದವರು ಬಲ್ಮಠದ ಮಳೆಗೆ ಓಡಿದರು, ನೋಡಿ! ಒಳಗೆ ಬೆನಿಟಾ ಎಂಬ ನಿವೃತ್ತ ಅಧ್ಯಾಪಕಿ, ಇವತ್ತಿನ ದಿನದಲ್ಲಿ ಚೆನ್ನಾಗಿ ಬದುಕುವುದು ಹೇಗೆಂದು ಪಾಠ ಮಾಡುತ್ತಿದ್ದರು. ಮಿಕ್ಸಿ ಹೋದ ಹಾಗೆಯೇ ವಾಪಸು ಬಂತು. ಗಂಡ ಮಾತ್ರ ರಿಪೇರಿಯಾಗಿ ಬಂದರು.

ಅಂದಿನಿಂದ ಪ್ರತಿ ಶನಿವಾರ ಬಲ್ಮಠ. ಹಳೆಯ ಗ್ರೀಕರು ನಮ್ಮ ಕೈಯಲ್ಲಿರುವುದನ್ನೂ ಇಲ್ಲದ್ದನ್ನೂ ಬೇರೆ ಮಾಡಿ ನೋಡುತ್ತಿದ್ದರಂತೆ. ಮೊನ್ನೆ ಮೊನ್ನೆಯ ಯುರೋಪಿನವರು, ಮನುಷ್ಯ ಆರಿಸಿಕೊಂಡದ್ದರ ಹೊಣೆ ಅವನದೇ, ಇನ್ನೊಬ್ಬರ ತಲೆಗೆ ಕಟ್ಟುವಂತಿಲ್ಲ ಎಂದರಂತೆ. ಇದನ್ನೆಲ್ಲ ನಾನು ಬೂತಾಯಿ ಮೀನು ಕೊಯ್ಯುವಾಗ ಪಕ್ಕದಲ್ಲಿ ಕೂತು ಹೇಳುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ, ಅಷ್ಟೆ.

ಆಮೇಲೆ ಅದು ಬೋಟಿಗೂ ಹತ್ತಿತು. ಹೊರಡುವ ಮೊದಲು ಇವರು ಕೇಳುವುದು, "ಇವತ್ತು ನಮ್ಮ ಕೈಲಿ ಎಂತ ಉಂಟು?" ಹುಡುಗರು ಕೂಗುವುದು, "ಐಸು, ಬಲೆ, ಇಂಜಿನು!" "ಮೀನು?" "ಇಲ್ಲ!" ನಾನು ಅಂಗನವಾಡಿಯಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸಿದ ಹಾಗೆಯೇ. ಬೋಟುಗಳು ನಿಲ್ಲುವ ಇಡೀ ದಕ್ಕೆಯಲ್ಲಿ ಇವರಿಗೆ 'ಫಿಲಾಸಫಿ ಲೀಲಣ್ಣ' ಎಂಬ ಹೆಸರು ಬಿತ್ತು.

ಈ ವರ್ಷ ಆಗಸ್ಟಿನಲ್ಲಿ ನಿಷೇಧ ಮುಗಿಯಿತು. ನಮ್ಮಲ್ಲಿ ಋತು ಶುರುವಾಗುವಾಗ ಬೋಟಿನವರೆಲ್ಲ ತಾಂಡೇಲನ ಕೈಯಿಂದ ವೀಳ್ಯ ತೆಗೆದುಕೊಳ್ಳುತ್ತಾರೆ. ತೆಗೆದುಕೊಂಡ ಮೇಲೆ ಋತು ಮುಗಿಯುವವರೆಗೆ ಅವನ ಜೊತೆಗೇ. ವೀಳ್ಯ ಆಯಿತು, ಕಡಲಿಗೆ ಹಾಲು, ತೆಂಗಿನಕಾಯಿ ಆಯಿತು. ಇನ್ನು ಹೊರಡುವುದೊಂದೇ ಬಾಕಿ. ಇವರು ಹೋಗಿ ಅಳಿವೆ ಬಾಗಿಲು, ಅಂದರೆ ನದಿ ಕಡಲಿಗೆ ಸೇರುವ ಜಾಗ, ನೋಡಿಕೊಂಡು ಬಂದು "ಇವತ್ತು ಬೇಡ" ಎಂದರು.

ಬೋಟಿನ ಹುಡುಗರಲ್ಲಿ ಲತೀಶ್ ಮುಂಗೋಪಿ. "ಎಲ್ಲ ಬೋಟು ಹೋಗ್ತಾ ಉಂಟು ಲೀಲಣ್ಣ! ನಾವೆಂತ, ಇಲ್ಲಿ ಕೂತು ಭಜನೆ ಮಾಡುವುದಾ?"

"ಅಲೆ ಒಂದರ ಬೆನ್ನಿಗೆ ಒಂದು ಮುರೀತಾ ಉಂಟು. ನಡುವೆ ಬೋಟು ನುಗ್ಗಿಸುವಷ್ಟು ಬಿಡುವು ಇಲ್ಲ."

"ಹೋದವರಿಗೆ ಎಂತ ಸಹ ಆಗದಿದ್ರೆ?"

"ಒಳ್ಳೇದೇ ಆಯ್ತಲ್ಲ ಮಾರಾಯ. ಆದ್ರೆ ಇವತ್ತು ನನಗೆ ಕಾಣುವುದು ಇಷ್ಟು. ನಿಮ್ಮನ್ನೆಲ್ಲ ಹತ್ತಿಸಿಕೊಂಡು ಅದೃಷ್ಟ ಪರೀಕ್ಷೆ ಮಾಡ್ಲಿಕ್ಕೆ ನನ್ನಿಂದ ಆಗುವುದಿಲ್ಲ."

ಲತೀಶ್ ಬಾಯಿಗೆ ಬಂದಂತೆ ಬೈದ. ಇವರು ಕೇಳಿಸಿಕೊಂಡರು.

ಹೋದ ಬೋಟುಗಳಿಗೆ ಏನೂ ಆಗಲಿಲ್ಲ. ಮರುದಿನ ಒಂದೊಂದಾಗಿ ಒಳಗೆ ಬಂದವು, ಕೆಳಗಿನ ಕೆಂಪು ಬಣ್ಣ ಕಾಣದಷ್ಟು ನೀರಿನಲ್ಲಿ ಕುಸಿದುಕೊಂಡು. ಬೋಟು ಎಷ್ಟು ಕುಸಿದಿದೆಯೋ ಅಷ್ಟು ಮೀನು. ನಮ್ಮದೊಂದು ಕೆಂಪು ಹೊಟ್ಟೆ ತೋರಿಸುತ್ತ ಮೇಲೆ ತೇಲುತ್ತಿತ್ತು. ನನಗೆ ತಲೆ ಎತ್ತಲಾಗಲಿಲ್ಲ. ಇವರೋ, ಲುಂಗಿ ಎತ್ತಿ ಕಟ್ಟಿ, ಕಡಲಿಗೆ ಹೋಗಿ ಬಂದ ಇನ್ನೊಬ್ಬ ತಾಂಡೇಲ ಕಮಲೇಶನ ಬೋಟಿನಿಂದ ಬಂಗುಡೆ ಬುಟ್ಟಿ ಇಳಿಸಲು ಕೈ ಹಾಕಿದ್ದರು! ಜನ ನಗುತ್ತಿದ್ದರು. ಬಲೆಯ ರಾಶಿಯ ಮೇಲೆ ಕೂತ ಲತೀಶ್ ಮಾತ್ರ ನಗದೆ ಇವರನ್ನೇ ನೋಡುತ್ತಿದ್ದ.

"ನಿಮಗೆ ನಾಚಿಕೆ ಆಗುವುದಿಲ್ವಾ?" ಎಂದೆ ನಾನು.

"ಅವರು ಸುಖವಾಗಿ ಬಂದಿದ್ದಾರೆ, ಮೀನೂ ಸಿಕ್ಕಿದೆ. ನಾನು ಯಾಕೆ ಮುಖ ಊದಿಸುವುದು ಅಮ್ಮಣ್ಣಿ? ಮೀನು ನನ್ನ ಕೈಲಿ ಇಲ್ಲ. ಮುಖ ಉಂಟಲ್ಲ."

ಸಂಜೆ ಶೀನಪ್ಪ ದಕ್ಕೆಗೆ ಬಂದು, ನಾಳೆಯಿಂದ ಕಮಲೇಶನೇ ನಮ್ಮ ಬೋಟಿನ ತಾಂಡೇಲ ಎಂದ. ಇವರು "ಬೋಟು ನಿಮ್ಮದು" ಎಂದಷ್ಟೇ ಹೇಳಿ ಬೋಟಿನಿಂದ ತಮ್ಮ ರೈನ್‌ಕೋಟು ಇಳಿಸಿಕೊಂಡರು. ಸ್ವರ ನಡುಗಿತು. ಗ್ರೀಕರೂ ಅದಕ್ಕೆ ಏನೂ ಮಾಡುವಂತಿರಲಿಲ್ಲ.

ಬೆಳಿಗ್ಗೆ ಮತ್ತೆ ದಕ್ಕೆಗೆ ಹೊರಟರು. ಇಂಜಿನು ಬಿಸಿಯಾದಾಗ ಒಂದು ಸದ್ದು ಬರುತ್ತದಂತೆ, ಕಮಲೇಶನಿಗೆ ಹೇಳದಿದ್ದರೆ ಅವನು ಹೆದರುತ್ತಾನಂತೆ. ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹೋದೆ. ಕಡಲಿನ ಅಬ್ಬರ ಇಳಿದಿತ್ತು. ಬೋಟಿನ ಮೇಲೆ ಶೀನಪ್ಪ, ಕಮಲೇಶ್ ಇಬ್ಬರೇ. ಹುಡುಗರೆಲ್ಲ ದಕ್ಕೆಯ ಮೇಲೆ ಸಾಲಾಗಿ ನಿಂತಿದ್ದರು.

"ಹತ್ತಿ ಮಾರಾಯ್ರೇ, ಹೊತ್ತಾಯ್ತು" ಎಂದ ಶೀನಪ್ಪ.

ಯಾರೂ ಕದಲಲಿಲ್ಲ. ಲತೀಶ್ ಮುಂದೆ ಬಂದ. "ನಾವು ವೀಳ್ಯ ತಗೊಂಡದ್ದು ಲೀಲಣ್ಣನ ಕೈಯಿಂದ."

"ಮೊನ್ನೆ ಅವನಿಗೆ ಬೈದದ್ದು ನೀನೇ ಅಲ್ವಾ?"

"ಬೈದೆ. ಇನ್ನೂ ಬೈತೇನೆ. ಆದ್ರೆ ನನ್ನ ಹೆಂಡತಿ ಮೋಕ್ಷಾ ಬಸುರಿ. ಇಡೀ ದಕ್ಕೆ ನಗಾಡಿದ್ರೂ ಕಂಡದ್ದನ್ನು ಕಂಡ ಹಾಗೆ ಹೇಳುವ ಜನ ನನಗೆ ಬೇಕು." ಆಮೇಲೆ ಎದೆ ಸೆಟೆಸಿ ಹೇಳಿದ: "ಬೋಟು ನಿಮ್ಮ ಕೈಲಿ ಉಂಟು ಧಣಿ. ಹತ್ತುವುದು ನಮ್ಮ ಕೈಲಿ ಉಂಟು."

ಇವರ ಪಾಠ ಇವರಿಗಿಂತ ಚೆನ್ನಾಗಿ ಒಪ್ಪಿಸಿದ್ದ! ಮೊದಲು ನಕ್ಕದ್ದು ಕಮಲೇಶ್. ಜಿಗಿದು ಕೆಳಗಿಳಿದು ತನ್ನ ಬೋಟಿನ ಕಡೆ ನಡೆದ. ಶೀನಪ್ಪ ಹುಡುಗರನ್ನು ನೋಡಿದ, ಅಳಿವೆಯ ಕಡೆ ನೋಡಿದ. "ನನ್ನ ಬೋಟನ್ನು ಶಾಲೆ ಮಾಡಿಬಿಟ್ಟೆಯಲ್ಲ ಮಾರಾಯ" ಎಂದು ಗೊಣಗಿ ಇವರ ಕೈಗೆ ಕೀಲಿ ಕೊಟ್ಟ.

ಇವರು ರೈನ್‌ಕೋಟು ತಂದಿರಲಿಲ್ಲ. ಲತೀಶ್ ತನ್ನದನ್ನು ಎಸೆದ. ಹಗ್ಗ ಬಿಚ್ಚಿದರು, ಇಂಜಿನು ಹಿಡಿಯಿತು, ಆ ಸದ್ದಿನ ಮೇಲೆಯೇ ಹುಡುಗರ ಕೂಗು ಕೇಳಿತು: "ಐಸು, ಬಲೆ, ಇಂಜಿನು!"

ಮೀನು ಕೊಳ್ಳಲು ಬಂದಿದ್ದ ಹೊಸಬಳೊಬ್ಬಳು, ಆ ಬೋಟಿನ ತಾಂಡೇಲ ಯಾರು ಎಂದು ಪಕ್ಕದವಳನ್ನು ಕೇಳಿದಳು. ಅವಳು ನನ್ನನ್ನು ಕೇಳಿರಲಿಲ್ಲ. ಆದರೂ "ನನ್ನ ಗಂಡ" ಎಂದೆ, ಇಡೀ ದಕ್ಕೆಗೆ ಕೇಳುವಷ್ಟು ಜೋರಾಗಿ.