ಗುರುಕಿರಣನ ಬಿಳಿ ಇಡ್ಲಿ ವ್ರತ

ಮೈಸೂರು ಸೀಮೆ ದೊಡ್ಡ ದೊಡ್ಡ ಕದನಗಳನ್ನು ಕಂಡಿದೆ. ಆದರೆ ಚಟ್ನಿಯ ವಿರುದ್ಧ ಏಳು ವರ್ಷ ಒಬ್ಬಂಟಿಯಾಗಿ ನಿಂತು, ಅದರ ಒಂದು ತೊಟ್ಟೂ ತನ್ನ ತಟ್ಟೆಯ ಗಡಿ ದಾಟದಂತೆ ಕಾದ ವೀರ ನಮ್ಮ ಅಗ್ರಹಾರದಲ್ಲಿ ಒಬ್ಬನೇ: ಶಿವಲಿಂಗಯ್ಯನವರ ಮಗ ಗುರುಕಿರಣ್. ಬೆಳಿಗ್ಗೆ ಎಂಟಕ್ಕೆ ನಾಲ್ಕು ಇಡ್ಲಿ, ಬರೀ ಇಡ್ಲಿ. ಮಧ್ಯಾಹ್ನ ಒಗ್ಗರಣೆ ಕಾಣದ ಮೊಸರನ್ನ. ಸಾಸಿವೆ ಕಾಳೊಂದು ಇಣುಕಿದರೂ ತಟ್ಟೆ ಗೋಡೆಯವರೆಗೆ ಸರಿಯುತ್ತಿತ್ತು. ಸಾಂಬಾರ್ ಹಿಡಿದು ಬಂದ ಅತ್ತೆಯಂದಿರು ಸೋತರು. ಬೆತ್ತ ಹಿಡಿದು ಬಂದ ಮೇಷ್ಟ್ರು ಸೋತರು. ತೆಂಗಿನಕಾಯಿ ಚಟ್ನಿಯೂ ಬಿಳಿಯೇ ಅಲ್ಲವೇ ಎಂದು ವಾದಕ್ಕಿಳಿದ ಸೋದರತ್ತೆಗೆ, ಅದರೊಳಗಿನ ಹಸಿಮೆಣಸಿನ ಚೂರುಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಿದ. ಹದಿಮೂರಿದ್ದವು. ಅತ್ತೆ ಅಂದಿನಿಂದ ಚಟ್ನಿ ತಿನ್ನುವಾಗ ಕಣ್ಣು ಮುಚ್ಚಿಕೊಳ್ಳುತ್ತಾರೆ.

ಹುಡುಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮಾತು ದಿನಕ್ಕೆ ಹತ್ತೋ ಹನ್ನೆರಡೋ. ಅವನಿಗೆ ಎಂಟು ವರ್ಷವಾದಾಗ, ಅಂದರೆ ತೊಂಬತ್ತಾರರಲ್ಲಿ, ಡಾಕ್ಟರೊಬ್ಬರು ವಿಷಯ ತಿಳಿಸಿ ಬರೆದುಕೊಟ್ಟಿದ್ದರು: ಇದು ಆಟಿಸಂ, ಹುಟ್ಟಿನಿಂದ ಬಂದ ರೀತಿ, ಯಾರ ತಪ್ಪೂ ಅಲ್ಲ, ತಾಳ್ಮೆಯಿಂದ ಕಲಿಸಿದರೆ ಕಲಿಯುತ್ತಾನೆ, ವಾರಕ್ಕೆರಡು ದಿನ ಕರೆತನ್ನಿ. ಶಿವಲಿಂಗಯ್ಯ ಆ ಕಾಗದವನ್ನು ನಾಲ್ಕಾಗಿ ಮಡಿಸಿ, ಬೀರುವಿನಲ್ಲಿ ಮದುವೆಯ ರೇಷ್ಮೆ ಪಂಚೆಯ ಕೆಳಗೆ ತಳ್ಳಿ, ಹೆಂಡತಿ ಪ್ರೇಮಲೀಲಾಗೆ "ಏನೂ ಇಲ್ವಂತೆ ಕಣೇ, ದೊಡ್ಡೋನಾದ್ಮೇಲೆ ಸರಿಹೋಗ್ತಾನಂತೆ" ಅಂದರು. ಹೂಟಗಳ್ಳಿಯ ಕಾರ್ಖಾನೆಯ ಸ್ಟೋರ್ಸಿನಲ್ಲಿ ಒಂದು ಬೋಲ್ಟು ತಪ್ಪಿದರೆ ಮೂರು ದಿನ ಹುಡುಕುವ ಮನುಷ್ಯ, ಮಗನ ಏಳು ವರ್ಷಗಳನ್ನು ಹೀಗೆ ಕಳೆದುಹಾಕಿದರು.

ಎರಡು ಸಾವಿರದ ಮೂರರಲ್ಲಿ ನೆಂಟರ ಮದುವೆಯೊಂದರಲ್ಲಿ ಸತ್ಯಕ್ಕೆ ಎರಡನೆಯ ಪೆಟ್ಟು ಬಿತ್ತು. ಹೋಳಿಗೆ ಬಡಿಸಿದ ಎಲೆಗೆ ಗುರುಕಿರಣ್ ಬೆನ್ನು ತಿರುಗಿಸಿ ಕುಳಿತ. ಪ್ರೇಮಲೀಲಾಳ ಅಣ್ಣ ಹುಚ್ಚಣ್ಣ ಇಡೀ ಪಂಕ್ತಿಗೆ ಕೇಳುವಂತೆ, "ಏನ್ ಭಾವ, ಹೋಳಿಗೆಗೇ ಬೆನ್ನು ತೋರಿಸ್ಬುಟ್ನಲ್ಲ ನಿಮ್ಮ ಕುಮಾರಕಂಠೀರವ! ತಲೆ ನೆಟ್ಟಗೈತಾ?" ಎಂದ.

"ವ್ರತ ಕಣಯ್ಯಾ!" ಎಂದುಬಿಟ್ಟರು ಶಿವಲಿಂಗಯ್ಯ. ಆ ಮಾತು ಕೇಳಿ ಮೊದಲು ಬೆಚ್ಚಿದವರು ಅವರೇ. ಆದರೆ ಬಾಯಿ ನಿಲ್ಲಲಿಲ್ಲ. "ಬಿಳಿ ಬಿಟ್ಟು ಬೇರೆ ಮುಟ್ಟಲ್ಲ. ಪರರ ಮುಖ ನೋಡಲ್ಲ. ವ್ಯರ್ಥ ಮಾತಿಲ್ಲ. ಹುಟ್ಟಾ ವಿರಕ್ತ!"

ಹುಚ್ಚಣ್ಣನ ಕೈಯಲ್ಲಿದ್ದ ಹೋಳಿಗೆ ಎಲೆಗೆ ಬಿತ್ತು.

ವಾರದೊಳಗೆ ಬೀದಿಯೇ ಬೆರಗಾಯಿತು. ಎದುರುಮನೆಯ ಮಂಜುಳಮ್ಮ ಕಿಟಕಿಯಿಂದ ಅವನಿಗೆ ಕೈಮುಗಿದ ಮರುದಿನವೇ ಅವರ ಮನೆಯ ಕೊಳಾಯಿಯಲ್ಲಿ ನೀರು ಬಂತು. ಕೊಳಾಯಿ ರಿಪೇರಿಯವನು ಹಿಂದಿನ ದಿನ ಬಂದಿದ್ದನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ಪ್ರೇಮಲೀಲಾ ಮಗನನ್ನು ಗದರುವುದು ಬಿಟ್ಟು ಅರ್ಧ ನಂಬಿದಳು. ಕಾರ್ಖಾನೆಯಲ್ಲಿ ಮೇಲಿನವರು ಶಿವಲಿಂಗಯ್ಯನವರಿಗೆ ಎದ್ದು ಕುರ್ಚಿ ಕೊಟ್ಟರು. ಹದಿಮೂರರ ಮಗಳು ಲಾಸ್ಯ ಮಾತ್ರ ಕೇಳಿದಳು: "ಅಪ್ಪಾ, ವ್ರತ ಮಾಡ್ತಿರೋದು ಅಣ್ಣಂಗೆ ಗೊತ್ತಾ?"

ಆ ಮನೆಯಲ್ಲಿ ನಿಜವಾದ ಸಾಧನೆ ನಡೆಸುತ್ತಿದ್ದವಳು ಅವಳೇ. ಗದ್ದಲವಾದರೆ, ಯಾರಾದರೂ ಮೈಮುಟ್ಟಿದರೆ, ಅಣ್ಣ ಹಣೆಯನ್ನು ಗೋಡೆಗೆ ಬಡಿದುಕೊಳ್ಳುತ್ತಿದ್ದ. ಮೂರು ತಿಂಗಳು ಪಕ್ಕದಲ್ಲಿ ಕುಳಿತು ಲಾಸ್ಯ ಅವನಿಗೆ ಒಂದು ಮಾತು ಕಲಿಸಿದ್ದಳು: ಬಡಿದುಕೋಬೇಡ, "ಬೇಡ" ಅನ್ನು. ಅವನು ಕಲಿತಿದ್ದ.

ಒಂದು ಭಾನುವಾರ ಬೆಳಿಗ್ಗೆ ಎಂಟಕ್ಕೆ, ಸರಿಯಾಗಿ ಇಡ್ಲಿಯ ಹೊತ್ತಿಗೆ, ಬೀದಿಗೆ ವ್ಯಾನೊಂದು ನುಗ್ಗಿತು. ಡೊಳ್ಳು, ಕಹಳೆ, ಮುಂದೆ ಹುಚ್ಚಣ್ಣ, ಹಿಂದೆ ಅವರ ಮನೆತನ ನಡೆದುಕೊಳ್ಳುವ ಸಣ್ಣ ಮಠವೊಂದರ ಹಿರಿಯ ಸ್ವಾಮಿಗಳು. ಮಠಕ್ಕೆ ಮುಂದೆ ಪಟ್ಟವೇರಲು ಒಬ್ಬ ಮರಿ ಬೇಕಿತ್ತು. "ಶಿವಲಿಂಗಯ್ಯ, ಹುಡುಗನ್ನ ನಮಗೆ ಕೊಟ್ಟುಬುಡಿ" ಎಂದರು ಸ್ವಾಮಿಗಳು, ಕಾವಿ ಶಾಲು ಬಿಚ್ಚುತ್ತ.

ಪ್ರೇಮಲೀಲಾಳ ಕೈಯಿಂದ ತಂಬಿಗೆ ಬಿತ್ತು. ಕೊಡುವುದಿಲ್ಲ ಎನ್ನಲು ಶಿವಲಿಂಗಯ್ಯನವರಿಗೆ ಕಾರಣ ಬೇಕು, ಕಾರಣ ಪಂಚೆಯ ಕೆಳಗಿತ್ತು.

ಶಾಲು ಹುಡುಗನ ಹೆಗಲಿಗೆ ತಾಗಿತು. ಅವನು ಎರಡೂ ಕಿವಿ ಮುಚ್ಚಿಕೊಂಡ. ಆಮೇಲೆ, ಇಡೀ ಬೀದಿ ಕೇಳುವಂತೆ, "ಬೇಡ!" ಎಂದ.

ಡೊಳ್ಳು ನಿಂತಿತು. ಇವನಿಗೆ ದನಿಯುಂಟೆಂದೇ ಬೀದಿಯ ಅರ್ಧ ಜನಕ್ಕೆ ಗೊತ್ತಿರಲಿಲ್ಲ.

"ನೋಡುದ್ರಾ!" ಹುಚ್ಚಣ್ಣ ಗರ್ಜಿಸಿದ. "ಕಾವೀನೇ ಬೇಡ ಅಂದ್ಬುಟ್ಟ! ವೈರಾಗ್ಯದ ಮೇಲೇ ವೈರಾಗ್ಯ ಕಣ್ರೀ! ಬಡೀರ್ಲಾ!"

ಡೊಳ್ಳು ದುಪ್ಪಟ್ಟಾಯಿತು. ಹುಡುಗ ಇನ್ನೊಮ್ಮೆ "ಬೇಡ" ಎಂದ, ಮಂಜುಳಮ್ಮ ಅಡ್ಡಬಿದ್ದರು. ಮೂರನೆಯ ಸಲ ಎಂದ, ಹೂವು ಬಿತ್ತು. ಕಷ್ಟಪಟ್ಟು ಕಲಿತ ಆ ಮಾತು ಹೀಗೆ ಸೋತಾಗ ಅವನ ಹಣೆ ಮೆಲ್ಲಗೆ ಗೋಡೆಯ ಕಡೆ ತಿರುಗಿತು. ಒಂದು ಪೆಟ್ಟು. ಇನ್ನೊಂದು.

"ಅಪ್ಪಾ, ಅವನು ಹೇಳ್ತಾನೇ ಅವ್ನೆ, ನೀವಾದ್ರೂ ಹೇಳಿ!" ಲಾಸ್ಯ ಕಿರುಚಿದಳು.

ಶಿವಲಿಂಗಯ್ಯ ಒಳಗೆ ಓಡಿದರು. ಬೀರು ಬಡಿದ ಸದ್ದಾಯಿತು. ಹೊರಬಂದಾಗ ರೇಷ್ಮೆ ಪಂಚೆ ಕಾಲಿಗೆ ಸುತ್ತಿಕೊಂಡಿತ್ತು, ಕೈಯಲ್ಲಿ ಕಾಗದವಿತ್ತು. "ವ್ರತಾನೂ ಇಲ್ಲ, ಏನೂ ಇಲ್ಲ ಬುದ್ಧಿ. ಮರ್ಯಾದೆಗೆ ಅಂಜಿ ನಾನು ಸುಳ್ಳು ಹೇಳ್ಬುಟ್ಟೆ. ನನ್ನ ಮಗನ್ನ ಬುಟ್ಬುಡಿ."

ಕಾಗದ ಕಸಿದುಕೊಂಡ ಪ್ರೇಮಲೀಲಾ ಮೊದಲು ಓದಿದ್ದು ತಾರೀಖನ್ನು. "ಏಳು ವರ್ಷ," ಎಂದಳು ಮೆಲ್ಲಗೆ. "ಪಂಚೆ ಕೆಳಗೆ." ಅವಳು ಕೂಗಾಡಿದ್ದರೆ ಶಿವಲಿಂಗಯ್ಯ ಬದುಕಿಕೊಳ್ಳುತ್ತಿದ್ದರು.

ಮರುವಾರದಿಂದ ಅವರು ವಾರಕ್ಕೆರಡು ದಿನ ಅರ್ಧ ರಜೆ ಹಾಕಿ, ಮಗನ ಜೊತೆ ಡಾಕ್ಟರ ಬಾಗಿಲಲ್ಲಿ ಕುಳಿತರು. ಕಾರ್ಖಾನೆಯಲ್ಲಿ ಎದ್ದು ಕೊಡುತ್ತಿದ್ದ ಕುರ್ಚಿ ಹೋಯಿತು. ಕೇಳಿದವರಿಗೆಲ್ಲ "ಆಟಿಸಂ" ಎಂದು ಬಾಯಿಬಿಟ್ಟು ಹೇಳಲು ಕಲಿತರು. ಮಗ ಒಂದು ಮಾತು ಕಲಿಯಲು ತೆಗೆದುಕೊಂಡದ್ದಕ್ಕಿಂತ ಅಪ್ಪನಿಗೆ ಹೆಚ್ಚು ಕಾಲ ಹಿಡಿಯಿತು.

ಅದೆಲ್ಲ ಆಮೇಲಿನ ಮಾತು; ಆ ಭಾನುವಾರ, ಕಾಗದ ಹೊರಬಿದ್ದ ಮೇಲೆ, ಸ್ವಾಮಿಗಳು ಡೊಳ್ಳಿನವರನ್ನು ಬೀದಿಯಾಚೆಗೆ ಕಳಿಸಿ, ಶಾಲು ಮಡಿಸಿ, ಹುಡುಗನಿಂದ ಮೂರು ಮಾರು ದೂರ ನೆಲದ ಮೇಲೆ ಕುಳಿತರು. ಅವನ ಮುಖ ನೋಡದೆ, ಅವನು ನೋಡುತ್ತಿದ್ದ ಇಡ್ಲಿಯನ್ನೇ ನೋಡುತ್ತ ಕೇಳಿದರು: "ಹಂಗಾದ್ರೆ ಮರಿ, ಏಳು ವರ್ಷ ಆ ಚಟ್ನೀನ ಯಾಕಪ್ಪ ತ್ಯಾಗ ಮಾಡ್ದೆ?"

ಬೀದಿಗೆ ಬೀದಿಯೇ ಕಿವಿಯಾಯಿತು.

"ನಾಲಿಗೆ ಉರಿಯುತ್ತೆ," ಎಂದ ಗುರುಕಿರಣ್. "ಅಪ್ಪಂಗೆ ಹೇಳಿದ್ದೆ."